ಢಾವಲೋ ಹಾಡನ್ನು ಕಸೂತಿಗೆ ಇಳಿಸಿದ್ದು

ಲಂಬಾಣಿ ಮದುವೆಯಲ್ಲಿ ಗಂಡನ ಮನೆಗೆ ಹೊರಟ ಮಗಳು ತವರಿನವರನ್ನು ಒಬ್ಬೊಬ್ಬರಾಗಿ ತಬ್ಬಿಕೊಂಡು, ಅಳುತ್ತಲೇ ಹಾಡುತ್ತಾಳೆ. ಅದೇ ಢಾವಲೋ. ಹಿರಿಯ ಹೆಂಗಸರು ಮೊದಲೇ ಕಲಿಸಿರುತ್ತಿದ್ದರು. ವಿಜಯಪುರ ಜಿಲ್ಲೆಯ ನಮ್ಮ ತಾಂಡಾದಲ್ಲಿ ಈಗ ಆ ಹೊತ್ತಿಗೆ ಡಿಜೆ ಹಾಕಿರುತ್ತಾರೆ.

ಭಾಷೆ ಇನ್ನೂ ಇದೆ. 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಜಾಸ್ತಿ ಜನ ಲಮಾಣಿ, ಅಂದರೆ ನಮ್ಮ ಲಂಬಾಣಿ, ತಮ್ಮ ತಾಯಿನುಡಿ ಎಂದು ಬರೆಸಿದ್ದಾರೆ. ಸರ್ಕಾರ ಅದನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದೆ, ಅದು ನನಗೆ ಇವತ್ತಿಗೂ ನೋವು. ಆದರೆ ಢಾವಲೋ ಹಾಡಬಲ್ಲವರು ನಮ್ಮಲ್ಲಿ ಮುದುಕಿಯರು ಮಾತ್ರ. ಅಂಡಮಾನಿನ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡಾಗ ಬೋ ಭಾಷೆ ಆಡುವವರು ಯಾರೂ ಉಳಿಯಲಿಲ್ಲ. ಅವರ ಧ್ವನಿ ಉಳಿದಿರುವುದು ಭಾಷಾತಜ್ಞೆ ಅನ್ವಿತಾ ಅಬ್ಬಿ ರೆಕಾರ್ಡ್ ಮಾಡಿಟ್ಟಿದ್ದರಿಂದ. ಅದನ್ನು ಓದಿದ ಮೇಲೆ ನಮ್ಮ ಯಾಡಿಯನ್ನು, ಅಂದರೆ ಅವ್ವನನ್ನು, ಕೂರಿಸಿ ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮೊದಲು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಪದಗಳೆಲ್ಲ ಬಂದವು. ಬಿಕ್ಕು ಬರಲಿಲ್ಲ. ಢಾವಲೋದಲ್ಲಿ ಬಿಕ್ಕಿ ನಿಲ್ಲುವುದೂ ಹಾಡಿನ ಭಾಗವೇ ಅಲ್ವಾ? ಆಗ ಧಾರವಾಡ ಕಡೆಯ ಕಸೂತಿ ನೆನಪಾಯಿತು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುವುದು. ಎಣಿಸಿ ಹಾಕುವುದಾದರೆ ಧ್ವನಿಯನ್ನೂ ಹಾಕಬಹುದು.

ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರಿನಲ್ಲಿ ತೆರೆದೆ, ಅದು ಪುಕ್ಕಟೆ ಸಿಗುತ್ತದೆ. ಧ್ವನಿಯ ಏರಿಳಿತ ಅಲೆಯ ಹಾಗೆ ಕಾಣುತ್ತದೆ. ಅದನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಒಂದು ಸೆಕೆಂಡಿಗೆ ಎಂಟು ಎಳೆ, ಅರ್ಧ ಸೆಕೆಂಡಿಗೊಂದು ಮೆಟ್ಟಿಲು. ಬಟ್ಟೆ ಮ್ಯಾಟಿ ಎಂಬ ದಪ್ಪ ನೇಯ್ಗೆಯದು, ಎಳೆ ಚೆನ್ನಾಗಿ ಕಾಣುತ್ತದೆ. ಮೂರು ನಿಮಿಷದ ಹಾಡಿಗೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಬೇಕು. ಮೆಟ್ಟಿಲಿಗೆ ಮುರ್ಗಿ ಹೊಲಿಗೆ, ನೇರ ಗೆರೆಗೆ ಗಾವಂತಿ. ಎರಡೂ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ಬಿಕ್ಕಿದಲ್ಲಿ ಗೆರೆ ಥಟ್ಟನೆ ಏರಿ ನಿಲ್ಲುತ್ತದೆ. ಆಮೇಲಿನ ಉಸಿರಿಗೆ ಬಟ್ಟೆ ಖಾಲಿ ಬಿಟ್ಟೆ. ಅಲ್ಲಿ ಏನಾದರೂ ತುಂಬಿಸು, ಚೆಂದ ಕಾಣುತ್ತದೆ ಎಂದು ಹೇಳಿದವರಿದ್ದಾರೆ. ನಾನು ಒಪ್ಪಲಿಲ್ಲ. ಅವ್ವನನ್ನು, ಅಪ್ಪನನ್ನು, ಅಣ್ಣನನ್ನು ಕೂಗಿ ಕರೆಯುವ ಕಡೆ ಮಾತ್ರ ಯಾಡಿ ತಾನೇ ನಮ್ಮ ಲಂಬಾಣಿ ಹೊಲಿಗೆಯಲ್ಲಿ ಕನ್ನಡಿ ಕೂರಿಸಿದಳು. ಯಾವುದಕ್ಕೆ ದೊಡ್ಡ ಕನ್ನಡಿ, ಯಾವುದಕ್ಕೆ ಸಣ್ಣದು, ಎಲ್ಲ ಅವಳದೇ ತೀರ್ಮಾನ.

ಪ್ರದರ್ಶನದಲ್ಲಿ ಬಟ್ಟೆಯನ್ನು ಸುಮ್ನೆ ಗೋಡೆಗೆ ತೂಗುಹಾಕಿದರೆ ಅಲಂಕಾರವಾಗಿ ಬಿಡುತ್ತದೆ. ಅದಕ್ಕೇ ಹಿಂದೆ ಸಣ್ಣ ಸ್ಪೀಕರ್ ಇಟ್ಟೆ. ಮುಟ್ಟಬಾರದು ಎಂಬ ಬೋರ್ಡು ಹಾಕಲಿಲ್ಲ. ಹಾಡು ಕೇಳುತ್ತಾ ಗೆರೆಯ ಮೇಲೆ ಬೆರಳಾಡಿಸಬಹುದು. ಕನ್ನಡದಲ್ಲಿ ಅರ್ಥ ಬರೆದು ಅಂಟಿಸಲಿಲ್ಲ, ಯಾಡಿಯನ್ನೇ ಪಕ್ಕದಲ್ಲಿ ಕೂರಿಸಿದೆ. ನಮ್ಮ ತಾಂಡಾಗಳಿಂದ ಬಂದ ಕಾಲೇಜು ಹುಡುಗಿಯರು ಅರ್ಥ ಕೇಳಲು ಅವಳ ಹತ್ತಿರ ಹೋದರು. ಕನ್ನಡದಲ್ಲಿ ಕೇಳಿದರೆ ಅವಳು ಲಂಬಾಣಿಯಲ್ಲೇ ಉತ್ತರ ಕೊಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರೂ ಲಂಬಾಣಿಗೆ ಇಳಿದರು. ನನಗೆ ಬೇಕಾಗಿದ್ದೂ ಅದೇ.

ಈಗ ಪಕ್ಕದ ತಾಂಡಾದ ಒಬ್ಬ ಅಜ್ಜಿಯ ಹಾಡು ಹೊಲಿಯುತ್ತಿದ್ದೇನೆ. ತನ್ನ ಅಳುವನ್ನು ಮೊಬೈಲಿನಲ್ಲಿ ಹಂಚಬೇಡ ಎಂದು ಆಕೆ ಮೊದಲೇ ಹೇಳಿದ್ದಾಳೆ. ಹಾಗಾಗಿ ಆ ಬಟ್ಟೆ ಪ್ರದರ್ಶನಕ್ಕೆ ಹೋಗುತ್ತದೆ, ರೆಕಾರ್ಡಿಂಗ್ ಅವರ ಮನೆಯಲ್ಲೇ ಇರುತ್ತದೆ. ಕೇಳಬೇಕು ಅನ್ನುವವರನ್ನು ತಾಂಡಾಕ್ಕೆ ಕರೆದುಕೊಂಡು ಹೋಗುತ್ತೇನೆ.