ಟೆಲೋಮಿಯರ್ ಮತ್ತು ಅದನ್ನು ಕಾಯುವ ಪ್ರೋಟೀನ್: ಎರಡನ್ನೂ ಒಂದೇ ಕೋಶದಲ್ಲಿ ನೋಡಿದ ಅನುಭವ

ಮಾನವ ವರ್ಣತಂತುಗಳ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರದ ಸರಣಿ ನೂರಾರು, ಕೆಲವೊಮ್ಮೆ ಸಾವಿರಾರು ಬಾರಿ ಮರುಕಳಿಸುತ್ತದೆ. ಟೆಲೋಮಿಯರ್ ಎಂಬ ಈ ತುದಿಯನ್ನು ಕೋಶವು ತುಂಡಾದ ಡಿಎನ್‌ಎ ಎಂದು ತಿಳಿದು ಬೆಸೆಯಲು ಹೊರಡದಂತೆ ಕಾಯುವ ಆರು ಪ್ರೋಟೀನುಗಳ ಕೂಟವೇ ಶೆಲ್ಟರಿನ್. ಅದರಲ್ಲಿ ಟಿಆರ್‌ಎಫ್1 ಮತ್ತು ಟಿಆರ್‌ಎಫ್2 ಜೋಡಿ ಎಳೆಯ ಡಿಎನ್‌ಎಯನ್ನೂ ಪಿಒಟಿ1 ಒಂಟಿ ಎಳೆಯನ್ನೂ ಹಿಡಿಯುತ್ತವೆ. ಟಿನ್2, ಟಿಪಿಪಿ1 ಇವುಗಳನ್ನು ಕೂಡಿಸುತ್ತವೆ. ರ‍್ಯಾಪ್1 ಟಿಆರ್‌ಎಫ್2ರ ಆಸರೆಯಲ್ಲಿ ನಿಲ್ಲುತ್ತದೆ. ಮಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ನಾನು ಟಿಆರ್‌ಎಫ್2 ಪ್ರೋಟೀನನ್ನೂ ಟೆಲೋಮಿಯರನ್ನೂ ಒಂದೇ ಕೋಶಕೇಂದ್ರದಲ್ಲಿ ಗುರುತಿಸುವ ಕೆಲಸ ಮಾಡಿದೆ.

ಇದರಲ್ಲಿ ಎಲ್ಲವೂ ಕ್ರಮದ ಮೇಲೆ ನಿಂತಿದೆ. ಟೆಲೋಮಿಯರ್ ಪ್ರೋಬ್, ಅಂದರೆ ಆ ಸರಣಿಗೆ ಅಂಟಿ ಹೊಳೆಯುವ ಬಣ್ಣದ ತುಣುಕು, ಕೂರಬೇಕಾದರೆ ಡಿಎನ್‌ಎಯ ಎಳೆಗಳನ್ನು ಶೇ 70ರ ಫಾರ್ಮಮೈಡ್‌ನಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು ಬಿಡಿಸಬೇಕು, ಆದರೆ ಆ ಶಾಖಕ್ಕೆ ಪ್ರೋಟೀನುಗಳ ಆಕಾರ ಕೆಟ್ಟು, ಪ್ರೋಟೀನಿಗೆ ಅಂಟಿ ಅದನ್ನು ತೋರಿಸಿಕೊಡುವ ಪ್ರತಿಕಾಯಕ್ಕೆ ಅವುಗಳ ಗುರುತೇ ಸಿಗದೆ ಹೋಗಬಹುದು. ಆದ್ದರಿಂದ ಪ್ರತಿಕಾಯಗಳ ಹಂತವನ್ನು ಮೊದಲು ಮುಗಿಸಿ, ಅವು ಕೂತಲ್ಲೇ ಉಳಿಯುವಂತೆ ಪ್ಯಾರಾಫಾರ್ಮಲ್ಡಿಹೈಡ್‌ನಿಂದ ಮತ್ತೊಮ್ಮೆ ಸ್ಥಿರಗೊಳಿಸಿ, ಅನಂತರವೇ ಪಿಎನ್‌ಎ (ಡಿಎನ್‌ಎಯನ್ನು ಹೋಲುವ ಕೃತಕ ಎಳೆ) ಪ್ರೋಬ್ ಹಾಕುತ್ತಿದ್ದೆ. ಈ ನಡುವಿನ ಸ್ಥಿರೀಕರಣವೇ ಇಡೀ ವಿಧಾನದ ಜೀವಾಳ ಎಂಬುದು ನನ್ನ ದೃಢ ಅಭಿಪ್ರಾಯ. ಪ್ರೋಬಿಗೆ ಮುನ್ನ ಕೋಶಗಳಿರುವ ತೆಳು ಗಾಜಿನ ಕವರ್‌ಸ್ಲಿಪ್‌ಗಳನ್ನು ಆಲ್ಕೋಹಾಲಿನಲ್ಲಿ ಅದ್ದಿ ಪೂರ್ತಿ ಒಣಗಿಸಬೇಕಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಅದು ಸುಲಭವಲ್ಲ. ಶೇ ನೂರರಷ್ಟು ಶುದ್ಧ ಆಲ್ಕೋಹಾಲ್ ಸಹ ತೆರೆದಿಟ್ಟರೆ ತೇವ ಹೀರುತ್ತದೆ. ಆಷಾಢದಲ್ಲಿ ಪ್ರತಿ ಸಲ ಹೊಸ ಆಲ್ಕೋಹಾಲ್ ಸುರಿದು, ಸಿಲಿಕಾ ಜೆಲ್ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿ ಒಣಗಿಸುವುದನ್ನು ರೂಢಿಸಿಕೊಂಡೆ.

ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಟಿಆರ್‌ಎಫ್2ರ ಹಸಿರು, ಟೆಲೋಮಿಯರಿನ ಕೆಂಪು ಚುಕ್ಕೆಗಳು ಒಂದರ ಮೇಲೊಂದು ಕೂತಾಗ ಹಿಗ್ಗುವುದು ಸಹಜ. ಆದರೆ ಬೇರೆ ಬೇರೆ ಆಳದಲ್ಲಿರುವ ಚುಕ್ಕೆಗಳೂ ಎಲ್ಲ ಪದರಗಳನ್ನು ಒಂದಾಗಿಸಿದ ಚಿತ್ರದಲ್ಲಿ ಒಂದಾಗಿ ಕಾಣಬಲ್ಲವು, ಹಾಗಾಗಿ ಪದರ ಪದರವಾಗಿ ನೋಡದೆ ಯಾವುದನ್ನೂ ಎಣಿಕೆಗೆ ಸೇರಿಸುತ್ತಿರಲಿಲ್ಲ. ಪದರದಲ್ಲೂ ಒಂದೇ ಕಡೆ ಕಂಡರೆ ಅವು ಹತ್ತಿರದಲ್ಲಿವೆ ಎಂದಷ್ಟೇ ಹೇಳಬಹುದು, ಅಂಟಿಕೊಂಡಿವೆ ಎಂದಲ್ಲ.

ಪ್ರತಿಕಾಯವನ್ನು ನಂಬಲು ನನಗೆ ಬೇಕಾದದ್ದು ಇನ್ನೊಂದು ಪರೀಕ್ಷೆ. ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳಲ್ಲಿ ಟಿಆರ್‌ಎಫ್2 ತಯಾರಿಕೆಯನ್ನು ಎಸ್‌ಐಆರ್‌ಎನ್‌ಎ (ಆಯ್ದ ಜೀನಿನ ಸಂದೇಶವನ್ನು ಅಡಗಿಸುವ ಪುಟ್ಟ ಆರ್‌ಎನ್‌ಎ) ಬಳಸಿ ತಗ್ಗಿಸಿದಾಗ ಹಸಿರು ಚುಕ್ಕೆಗಳು ಮಸುಕಾದವು, ರ‍್ಯಾಪ್1ರ ಚುಕ್ಕೆಗಳೂ ಅವುಗಳೊಂದಿಗೇ ಕುಂದಿದವು. ಅದೇ ಕೋಶಗಳಲ್ಲಿ, ಡಿಎನ್‌ಎ ಹಾನಿಯ ಜಾಗಕ್ಕೆ ಧಾವಿಸುವ 53ಬಿಪಿ1 ಪ್ರೋಟೀನ್ ಟೆಲೋಮಿಯರ್‌ಗಳ ಮೇಲೆ ನೆರೆಯತೊಡಗಿತ್ತು. ಕಾವಲು ತಪ್ಪಿದ ತುದಿಯನ್ನು ಕೋಶ ಮುರಿತವೆಂದು ಓದುತ್ತಿರುವುದು ಅಲ್ಲಿ ಕಣ್ಣಿಗೆ ಕಂಡಿತು.