ಮಣ್ಣೆತ್ತಿಂದ ಶುರು ಮಾಡಿ: ಪುಟ್ಟ ಮಕ್ಕಳಿಗೆ ಹೊಲ, ದನಕರು ಪರಿಚಯ ಮಾಡ್ಸೋ ಆಟಗಳು

ನನ್ನ ಮಗಳಿಗೆ ಮೂರೂವರೆ ವರ್ಷ ಇದ್ದಾಗ ಅವಳ ಹತ್ರ ಒಂದು ಪ್ಲಾಸ್ಟಿಕ್ ಫಾರ್ಮ್ ಸೆಟ್ ಇತ್ತು, ಕೆಂಪು ಮನೆ, ಗುಲಾಬಿ ಹಂದಿ, ಕಪ್ಪು ಬಿಳಿ ಮಚ್ಚೆಯ ಹಸು, ಎಲ್ಲದರ ಹೆಸರೂ ಪಟಪಟ ಹೇಳೋಳು. ಆ ಸಲ ಗದಗ ಕಡೆ ನಮ್ಮೂರಿಗೆ ಹೋದಾಗ ಅಜ್ಜನ ಎತ್ತು ನೋಡಿ ಮುಖ ಸಣ್ಣ ಮಾಡ್ಕೊಂಡು "ಇದರ ಬೆನ್ನು ಊದಿದೆ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ" ಅಂದ್ಳು. ಅಪ್ಪ ನಗ್ಲಿಲ್ಲ. "ಅದು ಬಾವಲ್ಲ ನಮ್ಮವ್ವಾ, ಇಣಿ ಅದು. ಅದಿಲ್ಲಂದ್ರ ನೊಗ ಎಲ್ಲಿ ನಿಂದರತೈತಿ?" ಅಂತ ಅವಳ ಕೈ ಹಿಡ್ಕೊಂಡು ಇಣಿ ಮುಂದೆ ನೊಗ ಕೂತು ಕೂತು ಗಟ್ಟಿಯಾಗಿರೋ ಚರ್ಮ ಮುಟ್ಟಿಸಿದ್ರು. ಅವತ್ತಿಂದ ಅವಳು ಇಣಿ ಮರೆತಿಲ್ಲ.

ನಾನೂ ಅವತ್ತೇ ಫ್ಲ್ಯಾಶ್ ಕಾರ್ಡ್ ಬಿಟ್ಟೆ. ಪ್ರಾಣಿಯ ಮೈಯಲ್ಲಿರೋ ಒಂದು ಭಾಗ ಹಿಡ್ಕೊಳ್ಳಿ, ಅದರ ಕೆಲಸ ಏನು ಅಂತ ನೋಡಿ, ಅದಕ್ಕೊಂದು ಆಟ ಕಟ್ಟಿ, ನನ್ನ ಪದ್ಧತಿ ಅಷ್ಟೇ. 3ರಿಂದ 7 ವರ್ಷದವರೆಗಿನ ಮಕ್ಕಳಿಗೆ ಇದು ಚೆನ್ನಾಗಿ ಹಿಡಿಸತ್ತೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಮಣ್ಣೆತ್ತು. ಉತ್ತರ ಕರ್ನಾಟಕದವರಿಗೆ ಹೇಳೋದೇ ಬೇಡ, ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಬರೋದೇ ಮಣ್ಣೆತ್ತಿನ ಅಮಾವಾಸ್ಯೆ, ಜೂನ್ ಇಲ್ಲಾ ಜುಲೈ, ಮುಂಗಾರು ಬಿತ್ತನೆ ಹೊತ್ತು. ಮನೆಮನೆಯಲ್ಲೂ ಒಂದು ಜೋಡಿ ಎತ್ತು, ಒಂದು ಗೋದಲಿ (ದನಕ್ಕೆ ಮೇವು ಹಾಕೋ ತೊಟ್ಟಿ) ಮಾಡಿ ಪೂಜೆ ಮಾಡ್ತಾರೆ, ಮಕ್ಕಳು ಕುಂಟೆತ್ತು, ಅಂದ್ರೆ ಮಣ್ಣಲ್ಲಿ ಮಾಡಿದ ಕುಂಟ ಎತ್ತು, ಹಿಡ್ಕೊಂಡು ಮನೆಮನೆಗೆ ಜೋಳ ಕೇಳೋಕೆ ಹೋಗ್ತಾರೆ. ಮಕ್ಕಳಿಗೆ ಒಕ್ಕಲುತನ ಕಲಿಸೋಕೆ ನಮ್ಮ ಹಿರಿಯರು ಇಷ್ಟು ಚೆಂದದ ಆಟ ಮಾಡಿಟ್ಟಿರುವಾಗ ನಾವು ಆನ್‌ಲೈನಲ್ಲಿ ಕಿಟ್ ತರಿಸೋದು ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗತ್ತೆ. ಅಮಾವಾಸ್ಯೆಗೇ ಕಾಯಬೇಕು ಅಂತೇನಿಲ್ಲ, ಯಾವ ಭಾನುವಾರ ಆದ್ರೂ ಮಾಡಿ.

ಮಣ್ಣು ಎರಿ ಮಣ್ಣಾದ್ರೆ, ಅಂದ್ರೆ ನಮ್ಮ ಕಡೆಯ ಕಪ್ಪು ಮಣ್ಣಾದ್ರೆ ಒಳ್ಳೇದು. ಬೆಂಗಳೂರಲ್ಲಿ ಇರೋರು ಕುಂಬಾರರ ಹತ್ರ ಜೇಡಿಮಣ್ಣು ತಗೊಳ್ಳಿ. ಕಲ್ಲು ಕಡ್ಡಿ ಆರಿಸಿ ಜರಡಿ ಹಿಡಿದು ಹಿಂದಿನ ರಾತ್ರಿನೇ ನೆನೆಹಾಕಿ, ಬೆಳಿಗ್ಗೆ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಎರಿ ಮಣ್ಣು ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗತ್ತೆ, ಬೇಸಿಗೆಯಲ್ಲಿ ನಮ್ಮ ಹೊಲ ಕಾಲು ಹೋಗೋಷ್ಟು ಬಿರಿಯೋದು ಅದಕ್ಕೇ, ನಿಮ್ಮ ಎತ್ತೂ ಹಂಗೇ ಬಿರಿಯತ್ತೆ, ಹಾಗಾಗಿ ನಾದುವಾಗ ಚೂರು ಹತ್ತಿ ಬಿಡಿಸಿ ಸೇರಿಸಿ, ಆಮೇಲೆ ಬಿಸಿಲಿಗೆ ಇಡದೆ ನೆರಳಲ್ಲಿ 2-3 ದಿನ ಒಣಗಿಸಿ.

ಮಗುವಿನ ಎರಡು ಮುಷ್ಟಿಯಷ್ಟು ಮಣ್ಣು ಸಾಕು. ಉದ್ದಕ್ಕೆ ಹೊಸೆದು, ಕೆಳಗಿಂದ ನಾಲ್ಕು ಕಾಲು ಎಳೀರಿ, ಕಾಲು ದಪ್ಪ ಇರಲಿ. ಇಣಿ ಮಾತ್ರ ಬೇರೆ ಮಣ್ಣಿಂದ ಅಂಟಿಸಬೇಡಿ, ಮೈಯಿಂದಲೇ ಎರಡು ಬೆರಳಲ್ಲಿ ಹಿಂಡಿ ಮೇಲಕ್ಕೆ ಎಬ್ಬಿಸಿ, ಅಂಟಿಸಿದ್ದು ಒಣಗಿದ್ಮೇಲೆ ಉದುರಿ ಹೋಗತ್ತೆ. ಕುತ್ತಿಗೆ ಕೆಳಗೆ ಗಂಗೆದೊಗಲು ಇಳಿಬಿಡಿ. ಈಗ ಒಂದು ಕಡ್ಡಿನ ಎರಡೂ ಎತ್ತಿನ ಇಣಿ ಮುಂದೆ ಅಡ್ಡ ಇಟ್ಟು ಮಗುಗೆ ಹಿಂದಕ್ಕೆ ಎಳೆಯೋಕೆ ಹೇಳಿ, ಇಣಿಗೆ ತಗುಲಿ ನಿಲ್ಲತ್ತೆ. ನೀವು ಒಂದು ಮಾತೂ ವಿವರಿಸೋದು ಬೇಕಾಗಲ್ಲ.

ಕಣ್ಣಿಗೆ ಗುಲಗಂಜಿ ಹಚ್ಚೋ ರೂಢಿ ಇದೆ, ನೋಡೋಕೆ ಚೆಂದ, ಆದ್ರೆ ದಯವಿಟ್ಟು ಬೇಡ. ಗುಲಗಂಜಿ ಅಗಿದು ನುಂಗಿದ್ರೆ ಘೋರ ವಿಷ. ಜೋಳದ ಕಾಳು ಇಲ್ಲಾ ಕುಸುಬಿ ಕಾಳು ಸಾಕು, ಅದೂ ಮಗು ಇನ್ನೂ ಎಲ್ಲಾ ಬಾಯಿಗೆ ಹಾಕ್ಕೊಳ್ಳೋ ವಯಸ್ಸಿನದಾದ್ರೆ ಕಡ್ಡಿಯಲ್ಲಿ ಚುಚ್ಚಿ ಕಣ್ಣು ಮಾಡಿಬಿಡಿ.

ಎತ್ತು ಆಯ್ತು ಅಂದ್ರೆ ಅದೇ ಮೈಗೆ ಕೊಂಬು ಬದಲಾಯಿಸ್ತಾ ಹೋಗಿ. ಹಳ್ಳಿಕಾರ್ ತಳಿ ಎತ್ತಿಗೆ ಉದ್ದ ಕೊಂಬು, ಹಿಂದಕ್ಕೆ ಹೋಗಿ ಮೇಲಕ್ಕೆ ಏಳಬೇಕು. ಮುರ್ರಾ ಎಮ್ಮೆಗೆ ಚಕ್ಕುಲಿ ಥರ ಸುರುಳಿ, ಇಣಿ ಅಳಿಸಿಬಿಡಿ, ಎಮ್ಮೆಗೆ ಇಣಿ ಇರಲ್ಲ. ಗೋದಲಿಯಲ್ಲಿ ಚೂರು ಒಣ ಹುಲ್ಲು, ಹೊಟ್ಟು, ಸಿಕ್ಕಿದ್ರೆ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ ತುಣುಕು ಇಟ್ಟು ವಾಸನೆ ನೋಡಿಸಿ. ಹಿಂಡಿ ವಾಸನೆ ಒಂದ್ಸಲ ಮೂಗಿಗೆ ಬಿತ್ತು ಅಂದ್ರೆ ಕೊಟ್ಟಿಗೆ ಅರ್ಧ ಮನೆಗೇ ಬಂದ ಹಾಗೆ. ಜೋಳದ ದಂಟು ಸಿಗೋ ಕಡೆ ಇದ್ರೆ ಸಿಪ್ಪೆ, ಬೆಂಡು ಬೇರೆ ಮಾಡಿ ಚಕ್ಕಡಿನೂ (ಎತ್ತಿನ ಗಾಡಿ) ಮಾಡಬಹುದು, ಆದ್ರೆ ದಂಟಿನ ಸಿಪ್ಪೆ ಬ್ಲೇಡ್ ಥರ ಕೊಯ್ಯತ್ತೆ, ಸಿಪ್ಪೆ ಸುಲಿಯೋ ಕೆಲಸ ನಿಮ್ದೇ.

ಇನ್ನು ಮೈ ಬಳಸೋ ಆಟ. ಮಕ್ಕಳನ್ನ ಹಸು ಥರ ಮಲಗಿಸಿ, ಈಗ ಏಳಿ ಅನ್ನಿ. ಎಲ್ಲರೂ ಮೊದಲು ಕೈ ಊರಿ ಮುಂದಿನ ಮೈ ಎತ್ತುತಾರೆ. ಹಸು ಹಾಗೆ ಏಳಲ್ಲ, ಮೊಣಕಾಲ ಮೇಲೆ ಇದ್ದುಕೊಂಡೇ ಹಿಂದಿನ ಕಾಲು ಮೊದಲು ಎತ್ತತ್ತೆ, ಕುದುರೆ ಮುಂದಿನ ಕಾಲು ಮೊದಲು. ಒಬ್ಬರು "ಹಸು" ಅಂತ ಕೂಗಬೇಕು, ಇಲ್ಲಾ "ಕುದುರೆ" ಅನ್ನಬೇಕು, ಉಳಿದವರು ಹಾಗೇ ಏಳಬೇಕು. ನಮ್ಮ ಅಪಾರ್ಟ್‌ಮೆಂಟ್ ಮಕ್ಕಳು ಇದನ್ನ ಒಂದು ಗಂಟೆ ಆಡಿದ್ದಾರೆ.

ಮೆಲುಕು ಹಾಕೋದಕ್ಕೆ ಒಂದು ಚೀಲ, ಒಂದಿಷ್ಟು ಎಲೆ ಬೇಕು. ಎಲೆ ನೆಲದ ಮೇಲೆ ಚೆಲ್ಲಿ, 20 ಎಣಿಸೋದ್ರೊಳಗೆ ಎಷ್ಟಾಗತ್ತೋ ಅಷ್ಟು ಚೀಲಕ್ಕೆ ತುಂಬಬೇಕು, ಅದು ಮೇಯೋದು. ಆಮೇಲೆ ನೆರಳಲ್ಲಿ ಕೂತು ಒಂದೊಂದೇ ಎಲೆ ತೆಗೆದು ಸಣ್ಣಗೆ ಹರಿಬೇಕು, ಅದು ಮೆಲುಕು. ಗಬಗಬ ನುಂಗಿದ್ದನ್ನ ಮತ್ತೆ ಬಾಯಿಗೆ ತಂದು ಅಗಿಯತ್ತೆ ಅನ್ನೋದು ಕೈಗೇ ಗೊತ್ತಾಗತ್ತೆ. ಹೊಟ್ಟೆಯಲ್ಲಿ ನಾಲ್ಕು ಭಾಗ ಇದೆ ಅನ್ನೋದು ದೊಡ್ಡ ಮಕ್ಕಳಿಗೆ ಹೇಳಿ, ಚಿಕ್ಕವರಿಗೆ ಚೀಲ ಸಾಕು.

ಹಾಲು ಕರೆಯೋದಕ್ಕೆ ರಬ್ಬರ್ ಗ್ಲೌಸು. ನೀರಿಗೆ ಚೂರು ಅಕ್ಕಿಹಿಟ್ಟು ಕಲಸಿ ತುಂಬಿ ಬಾಯಿ ಕಟ್ಟಿ, ಬೆರಳ ತುದಿಗೆ ಸೂಜಿಯಲ್ಲಿ ಚುಚ್ಚಿ. ಹೆಬ್ಬೆರಳು ದಾರದಲ್ಲಿ ಬಿಗಿದು ಕಟ್ಟಿಬಿಡಿ ಯಾಕಂದ್ರೆ ಹಸುಗೆ ನಾಲ್ಕೇ ಮೊಲೆ, ಮೇಕೆ ಆಟ ಆದ್ರೆ ಎರಡೇ ಬಿಡಿ. ಬರೀ ಜಗ್ಗಿದ್ರೆ ಹಾಲು ಬರಲ್ಲ, ಮೇಲೆ ಹಿಡಿದು ಮುಚ್ಚಿ ಕೆಳಗೆ ಹಿಂಡಬೇಕು, ಅದನ್ನ ಮಕ್ಕಳೇ ಕಂಡುಹಿಡೀಲಿ, ನೀವು ಬಾಯಿ ಬಿಡಬೇಡಿ. ಶುರು ಮಾಡೋ ಮುಂಚೆ ಗೊಂಬೆ ಕರುನ ಕುಡಿಯೋಕೆ ಬಿಡಿ. ಹಸು ಕರು ಹಾಕಿದ್ಮೇಲೇ ಹಾಲು ಕೊಡೋದು ಅನ್ನೋದು ಪ್ಯಾಕೆಟ್ ಹಾಲು ನೋಡಿದ ಎಷ್ಟೋ ಮಕ್ಕಳಿಗೆ ಗೊತ್ತೇ ಇರಲ್ಲ, ನನ್ನ ಮಗಳಿಗೂ ಗೊತ್ತಿರ್ಲಿಲ್ಲ.

ಬಿತ್ತನೆಗೆ ಹಳೇ ಟ್ರೇ, ಹೆಸರುಕಾಳು. ಮಗು ಮೂರು ಬೆರಳು ಅಗಲಿಸಿ ಮಣ್ಣಲ್ಲಿ ಗೆರೆ ಎಳೀಲಿ, ಅದೇ ಕೂರಿಗೆ, ಸಾಲಲ್ಲಿ ಬೀಜ ಬಿತ್ತೋ ಸಾಧನ. ಹೆಸರು ಬೇಗ ಮೊಳೆಯತ್ತೆ, ಮಕ್ಕಳ ತಾಳ್ಮೆ ಮುಗಿಯೋದ್ರೊಳಗೆ ಹಸಿರು ಕಾಣತ್ತೆ. ಕಾಯೋದು ಅಭ್ಯಾಸ ಆದ್ಮೇಲೆ ಕೋಳಿ ಆಟ ಆಡ್ಸಿ, ಬುಟ್ಟಿಯಲ್ಲಿ ಮಣ್ಣಿನ ಮೊಟ್ಟೆ ಇಟ್ಟು ದಿನಕ್ಕೊಂದು ಗೀಟು, 21ನೇ ದಿನ ಮರಿ.

ಮಕ್ಕಳು ಕಷ್ಟದ ಪ್ರಶ್ನೆ ಕೇಳ್ತಾರೆ. ಅಪ್ಪ ಎತ್ತು ಮಾರಿದ ವರ್ಷ ನನ್ನ ಮಗಳು ಖಾಲಿ ಗೋದಲಿ ನೋಡಿ ಎತ್ತು ಎಲ್ಲಿ ಅಂತ ಕೇಳಿದ್ಳು. ಅಜ್ಜನಿಗೆ ವಯಸ್ಸಾಯ್ತು, ದಿನಾ ಮೇವು ನೀರು ನೋಡ್ಕೊಳ್ಳೋಕೆ ಆಗಲ್ಲ, ಈಗ ಬಾಡಿಗೆ ಟ್ರ್ಯಾಕ್ಟರ್ ಬರತ್ತೆ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿದೆ. ಅತ್ತಳು. ಆಮೇಲೆ ಮಣ್ಣಲ್ಲಿ ಟ್ರ್ಯಾಕ್ಟರೂ ಮಾಡಿದ್ಳು, ಅದರ ಪಕ್ಕದಲ್ಲೇ ಎತ್ತನ್ನೂ ಇಟ್ಟಳು. ಸುಳ್ಳು ಹೇಳಬೇಡಿ, ಮಕ್ಕಳು ತಡ್ಕೊಳ್ತಾರೆ.

ಇಷ್ಟು ಆಡಿದ್ಮೇಲೆ ನಿಜವಾದ ಪ್ರಾಣಿ ಹತ್ರ ಕರ್ಕೊಂಡು ಹೋಗಿ. ಊರಿಲ್ಲದೋರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಳ, ಬೆಂಗಳೂರಲ್ಲಿ ಜಿಕೆವಿಕೆ (ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿಮೇಳ ಇದೆ, ಬೆಳಿಗ್ಗೆ ಬೇಗ ಹೋದ್ರೆ ಜಂಗುಳಿ ಕಡಿಮೆ. ಹಸುಗೆ ಸುತ್ತಮುತ್ತ ಹೆಚ್ಚುಕಮ್ಮಿ ಎಲ್ಲಾ ಕಾಣತ್ತೆ, ನೇರ ಹಿಂದೆ ಕಾಣಲ್ಲ, ಹಾಗಾಗಿ ಹಿಂದಿಂದ ಹೋಗಲೇಬೇಡಿ, ಪಕ್ಕದಿಂದ ಮಾತಾಡ್ತಾ ಹೋಗಿ. ಎಳೇ ಕರು ಜೊತೆ ಇರೋ ಹಸು ಹತ್ರ ಬೇಡ. ಮುಟ್ಟಿದ್ಮೇಲೆ ಸೋಪಲ್ಲಿ ಕೈ ತೊಳೆಸಿ, ಅಲ್ಲಿವರೆಗೂ ತಿನ್ನೋಕೆ ಏನೂ ಕೊಡಬೇಡಿ. ಮತ್ತೆ ಟೈಮ್ ಇಟ್ಕೊಂಡು ಹೋಗಿ. ನನ್ನ ಮಗಳು ಒಂದು ಮಲಗಿದ್ದ ಹಸು ಮುಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತಿದ್ಳು, ನಾನು ಎರಡು ಸಲ ಕರೆದೆ, ಬರ್ಲಿಲ್ಲ. ಕೊನೆಗೂ ಅದು ಎದ್ದಾಗ "ಅಮ್ಮಾ, ಹಿಂದಿನ ಕಾಲೇ, ಹಿಂದಿನ ಕಾಲೇ!" ಅಂತ ಕೂಗಿದ್ದಕ್ಕೆ ಹಸು ಹಿಡ್ಕೊಂಡಿದ್ದ ಅಣ್ಣನೂ ತಿರುಗಿ ನೋಡಿದ್ರು.