ಎಳೆ ಹಿಡಿದು ನೋಡಿ: ಮ್ಯಾಂಡಲೋರಿಯನ್ ಜೊತೆ ಕಾರ್ಟೂನ್‌ಗಳನ್ನೂ ನೋಡಿಸಿದ ನನ್ನ ಅನುಭವ

ಸ್ಟಾರ್ ವಾರ್ಸ್ ಲೋಕದ ‘ದಿ ಮ್ಯಾಂಡಲೋರಿಯನ್’ ಸರಣಿ ನೋಡಿ ಮುಗಿಸಿದವರು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಆ ಕಾರ್ಟೂನ್‌ಗಳನ್ನೂ ನೋಡಲೇಬೇಕಾ?’ ‘ದಿ ಕ್ಲೋನ್ ವಾರ್ಸ್’, ‘ರೆಬೆಲ್ಸ್’ ಎಂಬ ಅದೇ ಲೋಕದ ಕಾರ್ಟೂನ್ ಸರಣಿಗಳ ಮಾತು ಅದು. ನೋಡಲೇಬೇಕು ಅನ್ನುತ್ತೇನೆ. ಈ ಕಥೆಯ ಬೇರು ಇರುವುದೇ ಅಲ್ಲಿ. ಆದರೆ ಮೊದಲಿನಿಂದ ಸಾಲಾಗಿ ನೋಡಿ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ. ಯಾವುದಾದರೂ ಒಂದು ಎಳೆ ಹಿಡಿದು ಅದರ ಹಿಂದೆಯೇ ಹೋಗಿ ಅನ್ನುತ್ತೇನೆ. ನಮ್ಮ ಮನೆಯಲ್ಲಿ ನಾನು ಮಾಡಿದ್ದೂ ಹಾಗೆಯೇ.

ಶನಿವಾರ ರಾತ್ರಿ ಊಟ ಆದ ಮೇಲೆ ನಮ್ಮ ಹಾಲ್‌ನಲ್ಲಿ ಒಂದಷ್ಟು ಜನ ಸೇರುತ್ತೇವೆ. ಅಣ್ಣ, ಅತ್ತಿಗೆ, ಅವರ ಮಗಳು, ನನ್ನ ಆಫೀಸಿನ ಗೆಳತಿಯರು, ಮೇಲಿನ ಮನೆಯ ಅಂಕಲ್. 2020ರ ಏಪ್ರಿಲ್‌ನಲ್ಲಿ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಇಲ್ಲಿ ಶುರುವಾದಾಗ, ಲಾಕ್‌ಡೌನ್‌ನಲ್ಲಿ ಕೂತು ಮ್ಯಾಂಡಲೋರಿಯನ್ ಹಚ್ಚಿಕೊಂಡವರು ಇವರೆಲ್ಲ. ಮುಖ ತೋರಿಸದ, ತಲೆಮರೆಸಿಕೊಂಡವರನ್ನು ದುಡ್ಡಿಗೆ ಹಿಡಿದುಕೊಡುವ ಬೌಂಟಿ ಹಂಟರ್ ಡಿನ್ ಜಾರಿನ್, ಅವನ ಕೈಗೆ ಬಂದ ಹಸಿರು ಕೂಸು ಗ್ರೋಗು. ಅಷ್ಟರಲ್ಲೇ ಎಲ್ಲರೂ ಖುಷಿಯಾಗಿದ್ದರು. ಎರಡನೇ ಸೀಸನ್‌ನಲ್ಲಿ ಕಾರ್ಟೂನ್‌ಗಳ ಪಾತ್ರಗಳು ಕಾಣಿಸಿಕೊಂಡವು: ಮ್ಯಾಂಡಲೋರ್ ಗ್ರಹದ ಯೋಧೆ ಬೋ-ಕಟಾನ್ ಬಂದಳು, ಆಮೇಲೆ ಅಸೋಕಾ ಬಂದಳು. ನಾನೂ ಅಣ್ಣನ ಮಗಳೂ ಕಿರುಚಿಕೊಂಡೆವು. ಅತ್ತಿಗೆ ನಮ್ಮಿಬ್ಬರ ಮುಖ ನೋಡಿ, ‘ಯಾರೇ ಇವಳು? ನಮಗೂ ಸ್ವಲ್ಪ ಹೇಳ್ರೇ’ ಅಂದರು. ಬಾಯಲ್ಲಿ ಹೇಳಿ ಮುಗಿಸುವ ಕಥೆ ಅದಲ್ಲ. ತೋರಿಸಲೇಬೇಕಿತ್ತು.

‘ದಿ ಕ್ಲೋನ್ ವಾರ್ಸ್’ ಚಿಕ್ಕ ಸರಣಿಯಲ್ಲ. 2008ರ ಆಗಸ್ಟ್‌ನಲ್ಲಿ ಅದು ಮೊದಲು ಸಿನಿಮಾ ಆಗಿ ಬಂತು, ಅಕ್ಟೋಬರ್‌ನಲ್ಲಿ ಟಿವಿಯಲ್ಲಿ ಶುರುವಾಯಿತು. ಏಳು ಸೀಸನ್, 133 ಎಪಿಸೋಡ್. ಮಧ್ಯೆ ನಿಂತೇ ಹೋಗಿ, ಕೊನೆಗೆ 2020ರ ಮೇ 4ರಂದು ಮುಗಿಯಿತು. ಸಾಲದ್ದಕ್ಕೆ ಎಪಿಸೋಡ್‌ಗಳು ಬಂದ ಕ್ರಮ ಬೇರೆ, ಕಥೆ ನಡೆಯುವ ಕ್ರಮ ಬೇರೆ. ಕಥೆಯ ಲೆಕ್ಕದಲ್ಲಿ ಮೊದಲು ಬರುವುದು ಎರಡನೇ ಸೀಸನ್‌ನ 16ನೇ ಎಪಿಸೋಡ್. ಆಮೇಲೆ ಮೊದಲನೇ ಸೀಸನ್‌ನ 16ನೆಯದು. ಅದಾದ ಮೇಲೆ ಸಿನಿಮಾ! ಸ್ಟಾರ್ ವಾರ್ಸ್‌ನವರೇ ಈ ಪಟ್ಟಿ ಹಾಕಿದ್ದಾರೆ. ನಾನು ಆ ಕ್ರಮದಲ್ಲಿ ಪೂರ್ತಿ ನೋಡಿದ್ದೇನೆ, ಚೆನ್ನಾಗಿದೆ. ಆದರೆ ಹೊಸಬರ ಕೈಗೆ ಅದನ್ನು ಕೊಡುವುದು ಊಟಕ್ಕೆ ಬಂದವರಿಗೆ ದಿನಸಿ ಚೀಟಿ ಕೊಟ್ಟ ಹಾಗೆ.

ನಾನು ಹಿಡಿದ ಮೊದಲ ಎಳೆ ಡಾರ್ಕ್‌ಸೇಬರ್ ಎಂಬ ಕತ್ತಿ. ಮ್ಯಾಂಡಲೋರಿಯನ್‌ನ ಮೊದಲ ಸೀಸನ್‌ನ ಕೊನೆಯ ದೃಶ್ಯ ಎಲ್ಲರಿಗೂ ನೆನಪಿತ್ತು. ಬಿದ್ದ ಹಡಗನ್ನು ಒಳಗಿನಿಂದ ಕೊಯ್ದುಕೊಂಡು ಖಳನಾಯಕ ಮಾಫ್ ಗಿಡಿಯನ್ ಹೊರಗೆ ಬರುತ್ತಾನೆ, ಕೈಯಲ್ಲಿ ಕಪ್ಪು ಅಲಗಿನ ಕತ್ತಿ. ‘ಅದು ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಹಾಗಾಗಿ ಕ್ಲೋನ್ ವಾರ್ಸ್‌ನ ಎರಡನೇ ಸೀಸನ್‌ನಲ್ಲಿ ಆ ಕತ್ತಿ ಮೊದಲ ಸಲ ಕಾಣಿಸುವ ‘ದಿ ಮ್ಯಾಂಡಲೋರ್ ಪ್ಲಾಟ್’ ಹಾಕಿದೆ. ಆಗ ಅದು ಪ್ರೀ ವಿಝ್ಲಾ ಎಂಬವನ ಕೈಯಲ್ಲಿರುತ್ತದೆ. ಅವನಿಗೆ ದನಿ ಕೊಟ್ಟವರು ಜಾನ್ ಫಾವ್ರೊ, ಅಂದರೆ ಮುಂದೆ ಮ್ಯಾಂಡಲೋರಿಯನ್ ಸರಣಿಯನ್ನು ಕಟ್ಟಿದವರೇ. ಇದನ್ನು ಹೇಳಿದಾಗ ಅಂಕಲ್ ನೆಟ್ಟಗೆ ಕೂತರು. ಕಾರ್ಟೂನ್ ಅಂದರೆ ಮಕ್ಕಳದ್ದು ಅಂದುಕೊಂಡಿದ್ದವರು ಅವರು.

ಅಲ್ಲಿಂದ ಐದನೇ ಸೀಸನ್‌ಗೆ ಹಾರಿದೆವು. ಮಾಲ್ ಎಂಬ ಖಳ ಎಲ್ಲರೆದುರು ವಿಝ್ಲಾನನ್ನು ಸೋಲಿಸಿ, ಕೊಂದು, ಕತ್ತಿ ತೆಗೆದುಕೊಳ್ಳುತ್ತಾನೆ. ಆ ಕತ್ತಿಯನ್ನು ಹೋರಾಡಿ ಗೆದ್ದವರೇ ಮ್ಯಾಂಡಲೋರ್ ಆಳಬೇಕು ಎಂಬುದು ಅವರ ಕಟ್ಟುಪಾಡು. ಹೊರಗಿನವನು ನಮ್ಮನ್ನು ಆಳುವುದು ಬೇಡ ಅಂತ ಬೋ-ಕಟಾನ್ ಸಿಡಿದು ಹೋಗುತ್ತಾಳೆ. ಅದೇ ಕತ್ತಿಯಿಂದ ಅವಳ ಅಕ್ಕ ಸಟೀನ್ ಸಾಯುತ್ತಾಳೆ. ಇಷ್ಟು ನೋಡಿದ ಮೇಲೆ ಮ್ಯಾಂಡಲೋರಿಯನ್‌ನ ಎರಡನೇ ಸೀಸನ್‌ನ ಕೊನೆಯ ಎಪಿಸೋಡ್ ಮತ್ತೆ ಹಾಕಿದೆ. ಗಿಡಿಯನ್‌ನನ್ನು ಸೋಲಿಸಿ ಕತ್ತಿ ಗೆದ್ದ ಡಿನ್ ಜಾರಿನ್ ಸುಮ್ನೆ ಅದನ್ನು ಚಾಚುತ್ತಾನೆ, ತಗೋ ಅನ್ನುತ್ತಾನೆ. ಬೋ-ಕಟಾನ್ ಕೈ ಮುಂದೆ ಬರುವುದಿಲ್ಲ. ಮೊದಲ ಸಲ ನೋಡಿದಾಗ ಅದೊಂದು ವಿಚಿತ್ರ ಕಟ್ಟುಪಾಡು ಅನ್ನಿಸಿತ್ತು ಎಲ್ಲರಿಗೂ. ಈಗ ಯಾರೂ ಮಾತಾಡಲಿಲ್ಲ. ಇನ್ನೂ ಒಂದು ವಿಷಯ ಇದೆ. ಎರಡೂ ಕಡೆ ಬೋ-ಕಟಾನ್ ಒಬ್ಬರೇ: ಕಾರ್ಟೂನ್‌ನಲ್ಲಿ ದನಿ ಕೊಟ್ಟ ಕೇಟಿ ಸ್ಯಾಕಾಫ್ ಅವರೇ ಲೈವ್ ಆಕ್ಷನ್‌ನಲ್ಲೂ ನಟಿಸಿದ್ದಾರೆ.

ನಮ್ಮಲ್ಲಿ ಅತಿ ಜೋರು ಚರ್ಚೆ ನಡೆದದ್ದೂ ಈ ಕತ್ತಿಯ ಮೇಲೆಯೇ. ‘ರೆಬೆಲ್ಸ್’ ಸರಣಿಯ ನಾಲ್ಕನೇ ಸೀಸನ್‌ನಲ್ಲಿ ಸಬೀನ್ ಎಂಬ ಹುಡುಗಿ ಇದೇ ಡಾರ್ಕ್‌ಸೇಬರನ್ನು ಬೋ-ಕಟಾನ್‌ಗೆ ಕೊಡುತ್ತಾಳೆ. ಆಗ ಅವಳು ಹೋರಾಟವಿಲ್ಲದೆ ತೆಗೆದುಕೊಳ್ಳುತ್ತಾಳೆ. ಅಂಕಲ್ ಬಿಡಲಿಲ್ಲ. ‘ಅವತ್ತು ತಗೊಂಡಳು, ಇವತ್ತು ಬೇಡ ಅಂತಾಳೆ. ಬರೆದವರು ಮರೆತಿದ್ದಾರೆ ಅಷ್ಟೇ’ ಅಂದರು. ಅಣ್ಣನ ಮಗಳು, ‘ಇಲ್ಲ ಅಂಕಲ್, ಅವತ್ತು ಕೊಟ್ಟಿದ್ದನ್ನು ತಗೊಂಡು ಏನಾಯ್ತು ನೋಡಿ, ಇಡೀ ಮ್ಯಾಂಡಲೋರ್ ಸುಟ್ಟು ಹೋಯ್ತು’ ಅಂದಳು. ನಾನು ಅವಳ ಕಡೆ. ಕಟ್ಟುಪಾಡು ಬದಲಾಗಿಲ್ಲ, ಬೋ-ಕಟಾನ್ ಬದಲಾಗಿದ್ದಾಳೆ. ತನ್ನ ನಾಡು ಹಾಳಾದದ್ದಕ್ಕೆ ತಾನೇ ಕಾರಣ ಎಂಬ ಭಯ ಅವಳೊಳಗೆ ಕೂತಿದೆ. ಆ ಚಾಚಿದ ಕೈಯ ಮುಂದೆ ಅವಳು ಹಿಂಜರಿಯುವುದು ಅದಕ್ಕೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಸಬೀನ್ ಹೆಸರು ಬಂತಲ್ಲ, ‘ಟ್ರಯಲ್ಸ್ ಆಫ್ ದಿ ಡಾರ್ಕ್‌ಸೇಬರ್’ ಎಂಬ ಒಂದು ಎಪಿಸೋಡ್ ಇದೆ, ರೆಬೆಲ್ಸ್‌ನ ಮೂರನೇ ಸೀಸನ್‌ನಲ್ಲಿ. ಅದರಲ್ಲಿ ಯುದ್ಧವೇ ಇಲ್ಲ ಅನ್ನಬಹುದು. ಗುರು ಕೇನನ್ ಅವಳಿಗೆ ಕತ್ತಿ ವರಸೆ ಕಲಿಸುತ್ತಾನೆ. ಅಸಲಿ ಕತ್ತಿ ಕೈಗೆ ಬಂದ ಮೇಲೆ ಅವನು ಕೆಣಕುತ್ತಾ ಹೋಗುತ್ತಾನೆ, ಅವಳು ಬೀಸುತ್ತಾ ಹೋಗುತ್ತಾಳೆ. ಪ್ರತಿ ಏಟಿನ ಜೊತೆಗೂ ಅವಳ ಬಾಯಿಂದ ಒಂದೊಂದು ಸತ್ಯ ಹೊರಗೆ ಬರುತ್ತದೆ. ಗೆಲಾಕ್ಸಿ ಆಳುತ್ತಿದ್ದ ಕ್ರೂರ ಸಾಮ್ರಾಜ್ಯಕ್ಕೆ ತಾನು ಮಾಡಿಕೊಟ್ಟ ಆಯುಧವನ್ನು ತನ್ನ ಜನರ ಮೇಲೆಯೇ ಬಳಸಿದರು, ತಾನು ಬಾಯಿ ಬಿಟ್ಟಾಗ ಮನೆಯವರು ಕೈ ಹಿಡಿಯಲಿಲ್ಲ. ಅತ್ತಿಗೆ ಕಣ್ಣೊರೆಸಿಕೊಂಡರು. ಲೈವ್ ಆಕ್ಷನ್ ಸರಣಿಗಳ ಎಷ್ಟೋ ದೊಡ್ಡ ದೃಶ್ಯಗಳಿಗಿಂತ ಇದು ನನಗೆ ಜಾಸ್ತಿ ಇಷ್ಟ.

ಎರಡನೇ ಎಳೆ ಅಸೋಕಾ. ಅವಳನ್ನು 14 ವರ್ಷದ ಹುಡುಗಿಯಾಗಿ ನೋಡದೆ ರೊಸಾರಿಯೊ ಡಾಸನ್ ಅವರ ಅಸೋಕಾಳನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. 2023ರ ‘ಅಸೋಕಾ’ ಸರಣಿಯಲ್ಲಿ ಅವಳು ಯಾಕೆ ಅಷ್ಟು ಬಿಗಿಯಾಗಿ, ಕೈಕಟ್ಟಿಕೊಂಡು ನಿಲ್ಲುತ್ತಾಳೆ? ಶಿಷ್ಯೆಯಾದ ಸಬೀನ್‌ಳನ್ನು ಯಾಕೆ ಪೂರ್ತಿ ನಂಬುವುದಿಲ್ಲ? ನಾನು ಆರಿಸಿದ ಎಪಿಸೋಡ್‌ಗಳು ಇವು: ಕ್ಲೋನ್ ವಾರ್ಸ್‌ನ ಐದನೇ ಸೀಸನ್‌ನ ಕೊನೆಯ ನಾಲ್ಕು, ಅಂದರೆ ಮಾಡದ ತಪ್ಪಿಗೆ ಅವಳನ್ನು ಅವಳದೇ ಯೋಧರ ಪಂಗಡವಾದ ಜೆಡೈಗಳು ಹೊರಗೆ ಹಾಕಿ, ಆಮೇಲೆ ವಾಪಸ್ ಬಾ ಅಂದಾಗ ಅವಳು ಒಪ್ಪದೆ ಮೆಟ್ಟಿಲಿಳಿದು ಹೋಗುವ ಕಥೆ. ನಂತರ ಏಳನೇ ಸೀಸನ್‌ನ ಕೊನೆಯ ನಾಲ್ಕು. ಆಮೇಲೆ ರೆಬೆಲ್ಸ್‌ನ ಎರಡನೇ ಸೀಸನ್‌ನ ಕೊನೆ. ಅಲ್ಲಿ ಖಳ ಡಾರ್ತ್ ವೇಡರ್‌ನ ಮುಖವಾಡ ಸೀಳಿ, ಒಳಗಿನಿಂದ ಅವಳ ಹಳೆಯ ಗುರು ಅನಾಕಿನ್‌ನ ಕಣ್ಣು ಕಾಣುತ್ತದೆ. ಅವಳ ಹೆಸರು ಹಿಡಿದು ಕರೆಯುತ್ತಾನೆ. ನಿನ್ನನ್ನು ಈ ಸಲ ಬಿಟ್ಟು ಹೋಗಲ್ಲ ಅನ್ನುತ್ತಾಳೆ ಅವಳು.

ಇಷ್ಟಾದ ಮೇಲೆ ‘ಅಸೋಕಾ’ದ ಐದನೇ ಎಪಿಸೋಡ್ ಹಾಕಿ ನೋಡಿ. ಹೊಗೆ ಮುಸುಕಿದ ಯುದ್ಧಭೂಮಿ, ಪುಟ್ಟ ಅಸೋಕಾ, ಪಕ್ಕದಲ್ಲಿ ಅನಾಕಿನ್ ಆಗಿ ಹೇಡನ್ ಕ್ರಿಸ್ಟೆನ್ಸನ್. ಅದು ಕ್ಲೋನ್ ವಾರ್ಸ್‌ನ ಯುದ್ಧವೇ. ಕಾರ್ಟೂನ್ ನೋಡದವರಿಗೆ ಅದು ಒಂದು ಕನಸಿನ ದೃಶ್ಯ, ಅಷ್ಟೇ. ನೋಡಿದವರಿಗೆ ಅಲ್ಲಿ ಬಿದ್ದಿರುವ ಕ್ಲೋನ್ ಸೈನಿಕರು (ಒಬ್ಬನದೇ ಪಡಿಯಚ್ಚಾಗಿ ತಯಾರಾದವರು) ಸುಮ್ನೆ ಬಿದ್ದ ಹೆಣಗಳಲ್ಲ.

ಕ್ಲೋನ್‌ಗಳ ವಿಷಯಕ್ಕೆ ಬಂದರೆ ಉಂಬಾರ ಎಂಬ ಗ್ರಹದಲ್ಲಿ ನಡೆಯುವ, ಕ್ಲೋನ್ ವಾರ್ಸ್‌ನ ನಾಲ್ಕು ಎಪಿಸೋಡ್ ತಪ್ಪಿಸಬೇಡಿ. ನಾಲ್ಕನೇ ಸೀಸನ್, 7ರಿಂದ 10. ಎಲ್ಲರ ಮುಖ ಒಂದೇ, ಎಲ್ಲರಿಗೂ ದನಿ ಕೊಟ್ಟವರು ಡೀ ಬ್ರಾಡ್ಲಿ ಬೇಕರ್ ಒಬ್ಬರೇ. ಆದರೂ ಎರಡನೇ ಎಪಿಸೋಡ್ ಮುಗಿಯುವಷ್ಟರಲ್ಲಿ ಯಾರು ರೆಕ್ಸ್, ಯಾರು ಫೈವ್ಸ್ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು.

ನೋಡುವಾಗ ನಮ್ಮಲ್ಲಿ ಒಂದೆರಡು ಪದ್ಧತಿ ಇವೆ. ಮೊದಲೇ ನೋಡಿದವರು ಎಪಿಸೋಡ್ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಮುಗಿದ ಮೇಲೆ ಮೊದಲ ಮಾತು ಹೊಸಬರದ್ದು. ಇದರಿಂದ ಆಗುವ ಲಾಭ ದೊಡ್ಡದು. ನಾವು ಹಳಬರು ಯಾರು ಯಾರ ಮಗ, ಯಾವ ಗ್ರಹ ಎಲ್ಲಿ ಅಂತ ಶುರು ಮಾಡುತ್ತೇವೆ. ಹೊಸಬರು ಮನಸ್ಸಿಗೆ ತಟ್ಟಿದ್ದನ್ನು ಹೇಳುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಯಾವಾಗಲೂ ಹಾಕಿರುತ್ತೇವೆ. ಮಾತು ಅರ್ಥವಾಗದ ಜಾಗದಲ್ಲಿ ಮಾತ್ರ ನಾನು ಪಾಸ್ ಮಾಡಿ ಕನ್ನಡದಲ್ಲಿ ಹೇಳುತ್ತೇನೆ.

ಪಾಸ್ ಮಾಡಿ ನೋಡಿದ್ದರಿಂದಲೇ ಸಿಕ್ಕ ಒಂದು ಖುಷಿ ಹೇಳಬೇಕು. ರೆಬೆಲ್ಸ್‌ನ ‘ಟ್ವಿನ್ ಸನ್ಸ್’ನಲ್ಲಿ ಮುದಿ ಜೆಡೈ ಓಬಿ-ವಾನ್ ಮತ್ತು ಮಾಲ್ ಮರಳುಗಾಡಿನ ರಾತ್ರಿಯಲ್ಲಿ ಎದುರಾಗುತ್ತಾರೆ. ಕಾಳಗ ಕೆಲವೇ ಕ್ಷಣ. ‘ಇಷ್ಟೇನಾ?’ ಅಂದಳು ಗೆಳತಿ. ಹಿಂದಕ್ಕೆ ಎಳೆದು ನಿಧಾನವಾಗಿ ತೋರಿಸಿದೆ. ಓಬಿ-ವಾನ್ ಮೊದಲು ತನ್ನ ಯೌವನದ ಭಂಗಿಯಲ್ಲಿ ನಿಲ್ಲುತ್ತಾನೆ. ಆಮೇಲೆ ಕಾಲು ಸರಿಸಿ, ಕತ್ತಿ ಎತ್ತಿ, ತನ್ನ ಗುರು ಕ್ವೈ-ಗಾನ್‌ನ ಭಂಗಿಗೆ ಬರುತ್ತಾನೆ. ಮಾಲ್ ಅದನ್ನು ನೋಡಿ, 1999ರ ಸಿನಿಮಾದಲ್ಲಿ ಕ್ವೈ-ಗಾನ್‌ನನ್ನು ಕೊಂದ ಅದೇ ಪಟ್ಟು ಹಾಕುತ್ತಾನೆ: ಹಿಡಿಯಿಂದ ಮುಖಕ್ಕೆ ಏಟು. ಓಬಿ-ವಾನ್ ಕಾಯುತ್ತಿದ್ದದ್ದು ಅದಕ್ಕೇ. ಕತ್ತಿಯ ಹಿಡಿಯನ್ನೇ ತುಂಡು ಮಾಡುತ್ತಾನೆ. ಕಾಳಗ ಉದ್ದ ಇರಬೇಕಿತ್ತು ಅನ್ನುವವರು ಇಂದಿಗೂ ಇದ್ದಾರೆ. ನನಗಂತೂ ಇದಕ್ಕಿಂತ ಚೆನ್ನಾಗಿ ಬರೆದ ಕಾಳಗ ಸ್ಟಾರ್ ವಾರ್ಸ್‌ನಲ್ಲಿ ಇನ್ನೊಂದಿಲ್ಲ.

ಬಿಟ್ಟದ್ದೂ ಇದೆ. ಕ್ಲೋನ್ ವಾರ್ಸ್‌ನ ಐದನೇ ಸೀಸನ್‌ನಲ್ಲಿ ಡ್ರಾಯಿಡ್‌ಗಳ ದಂಡು ಹೋಗುವ ನಾಲ್ಕು ಎಪಿಸೋಡ್ ನಾನು ಯಾರಿಗೂ ತೋರಿಸಿಲ್ಲ. ‘ದಿ ಬ್ಯಾಡ್ ಬ್ಯಾಚ್’ ಎಂಬ ಇನ್ನೊಂದು ಕಾರ್ಟೂನ್ ಸರಣಿಯನ್ನು ಕೊನೆಗೆ ಇಟ್ಟುಕೊಂಡರೆ ಒಳ್ಳೆಯದು. ಗ್ರೋಗುವಿನ ರಕ್ತ ಸಾಮ್ರಾಜ್ಯದವರಿಗೆ ಯಾಕೆ ಬೇಕಿತ್ತು ಅನ್ನುವುದಕ್ಕೆ ಅದರ ಮೂರನೇ ಸೀಸನ್‌ನಲ್ಲಿ ಸುಳಿವು ಸಿಗುತ್ತದೆ.

ಮ್ಯಾಂಡಲೋರಿಯನ್‌ನ ಮೂರನೇ ಸೀಸನ್‌ನ ಐದನೇ ಎಪಿಸೋಡ್‌ನಲ್ಲಿ, ಒಂದು ಬಾರ್‌ನಲ್ಲಿ ನೇರಳೆ ಬಣ್ಣದ ಒಂದು ದೊಡ್ಡ ಪ್ರಾಣಿ ಕೆಲವು ಕ್ಷಣ ಕಾಣುತ್ತದಲ್ವಾ? ಅದು ರೆಬೆಲ್ಸ್‌ನ ಝೆಬ್. ದನಿಯೂ ಅದೇ ಸ್ಟೀವ್ ಬ್ಲಮ್ ಅವರದ್ದು. ನಿಮಗೆ ಇರುವುದು ಒಂದೇ ಸಂಜೆ, ಒಂದೇ ಕಾರ್ಟೂನ್ ಎಪಿಸೋಡ್‌ಗೆ ಸಮಯ ಅಂದರೆ, ಅವನದೇ ‘ದಿ ಆನರಬಲ್ ಒನ್ಸ್’ ಹಾಕಿ. ರೆಬೆಲ್ಸ್, ಎರಡನೇ ಸೀಸನ್. ಝೆಬ್ ಮತ್ತು ಅವನನ್ನು ಬೆನ್ನಟ್ಟುವ ಸಾಮ್ರಾಜ್ಯದ ಅಧಿಕಾರಿ ಕ್ಯಾಲಸ್, ಇಬ್ಬರೇ ಹಿಮದಲ್ಲಿ ಸಿಕ್ಕಿಬಿದ್ದಿರುತ್ತಾರೆ. ಹಿಂದಿನ ಕಥೆ ಗೊತ್ತಿರಬೇಕಾಗಿಲ್ಲ. ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಮನೆಯಲ್ಲಿ ಕಾರ್ಟೂನ್ ಬೇಡ ಅನ್ನುವವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ.